ರಿಸರ್ಚ್ ಟ್ರಯಾಂಗಲ್ ಪಾರ್ಕ್ ಯಾವ ಊರಿಗೆ ಸೇರಿದ್ದು?

ಪ್ರಶ್ನೆ: ನಾನು ಅಮೆರಿಕದ ಉತ್ತರ ಕ್ಯಾರೊಲಿನಾ ರಾಜ್ಯದ ಮಾರಿಸ್‌ವಿಲ್‌ನಲ್ಲಿ ಮನೆ ಮಾಡಿಕೊಂಡು, ಹತ್ತಿರದ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಎಂಬ ಸಂಶೋಧನಾ ಉದ್ಯಮಗಳ ಪ್ರದೇಶದ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಪುರಸಭೆಯ ಕಂದಾಯ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದ ನನ್ನ ತಂದೆಯವರು ಈಚೆಗೆ ಇಲ್ಲಿಗೆ ಬಂದಿದ್ದಾಗ ನನ್ನ ಕಚೇರಿ ನೋಡಿ, “ಇದು ಯಾವ ಊರಿನ ವ್ಯಾಪ್ತಿ? ಇಷ್ಟೊಂದು ಕಟ್ಟಡಗಳ ಕಂದಾಯ ಯಾರಿಗೆ ಹೋಗುತ್ತದೆ?” ಎಂದು ಕೇಳಿದರು. ಉತ್ತರ ನನಗೆ ತಿಳಿದಿರಲಿಲ್ಲ. ಪಾರ್ಕ್‌ನ ಹೆಸರು ಬಂದಲ್ಲೆಲ್ಲ ಮೂರು ವಿಶ್ವವಿದ್ಯಾಲಯಗಳ ಹೆಸರೂ ಬರುತ್ತದೆ. ಅವು ನಿಜಕ್ಕೂ ಏನು ಮಾಡಿದವು? ಇಷ್ಟು ಜನ ಕೆಲಸ ಮಾಡುವ ಜಾಗಕ್ಕೆ ರೈಲು ಏಕಿಲ್ಲ? ನಮ್ಮ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿಗೂ ಇದಕ್ಕೂ ಹೋಲಿಕೆ ಇದೆಯೇ?

ಉತ್ತರ: ನಿಮ್ಮ ತಂದೆಯವರು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಾರೆ. ರಿಸರ್ಚ್ ಟ್ರಯಾಂಗಲ್ ಪಾರ್ಕ್ ಯಾವ ಊರಿಗೂ ಸೇರಿಲ್ಲ; ಯಾವ ಊರೂ ಅದನ್ನು ತನ್ನ ಎಲ್ಲೆಯೊಳಕ್ಕೆ ಎಳೆದುಕೊಳ್ಳದಂತೆ ರಾಜ್ಯದ ಕಾನೂನೇ ತಡೆದಿದೆ. ಸುಮಾರು 7,000 ಎಕರೆ ವಿಸ್ತಾರದ, ಎಂಟು ಮೈಲಿ ಉದ್ದ ಮತ್ತು ಎರಡು ಮೈಲಿ ಅಗಲದ ಈ ಪ್ರದೇಶದ ಬಹುಪಾಲು ಡರಮ್ ಕೌಂಟಿಯಲ್ಲಿದೆ, ಉಳಿದ ಭಾಗ ವೇಕ್ ಕೌಂಟಿಯಲ್ಲಿದೆ. ಅದಕ್ಕೆ 27709 ಎಂಬ ಸ್ವಂತ ಅಂಚೆ ಸಂಖ್ಯೆ ಇದೆ, ಆದರೆ ಮೇಯರ್ ಇಲ್ಲ, ನಗರಸಭೆ ಇಲ್ಲ, ವಾರ್ಡುಗಳಿಲ್ಲ. 50,000ಕ್ಕೂ ಹೆಚ್ಚು ಜನರಿಗೆ ಕೆಲಸ ಕೊಟ್ಟಿರುವ ಈ ಜಾಗದಲ್ಲಿ ಅರ್ಧ ಶತಮಾನದವರೆಗೆ ವಾಸದ ಮನೆಗಳಿಗೆ ಅವಕಾಶವೇ ಇರಲಿಲ್ಲ.

ಪಾರ್ಕ್‌ನ ಯಶಸ್ಸನ್ನು ವಿವರಿಸುವವರು ಸಾಮಾನ್ಯವಾಗಿ ವಿಶ್ವವಿದ್ಯಾಲಯಗಳ ಸಂಶೋಧನೆಯಿಂದ ಮಾತು ಆರಂಭಿಸುತ್ತಾರೆ. ಸ್ಥಳೀಯ ಆಡಳಿತವನ್ನು ಓದುತ್ತ ಬಂದಿರುವ ನನಗೆ ಕಾಣುವುದು ಬೇರೆ. ನೆಲ ಯಾರ ಹೆಸರಿನಲ್ಲಿರಬೇಕು ಎಂಬ 1958ರ ತೀರ್ಮಾನ, ಆ ನೆಲ ಯಾವ ಊರಿಗೂ ಸೇರಬಾರದು ಎಂಬ 1985ರ ತೀರ್ಮಾನ, ಇವೆರಡರ ಮೇಲೆ ಪಾರ್ಕ್ ನಿಂತಿದೆ. ಅದರ ಇಂದಿನ ತೊಂದರೆಗಳಲ್ಲಿ ಹಲವು ಈ ಎರಡನೆಯ ತೀರ್ಮಾನದಿಂದಲೇ ಹುಟ್ಟಿದವು.

ಮೊದಲು ಅಲ್ಲಿನ ಆಡಳಿತದ ಕ್ರಮವನ್ನು ಹೇಳಿಬಿಡುತ್ತೇನೆ. ಉತ್ತರ ಕ್ಯಾರೊಲಿನಾದ ಪ್ರತಿ ಅಂಗುಲ ನೆಲವೂ ಒಂದಲ್ಲ ಒಂದು ಕೌಂಟಿಗೆ ಸೇರಿದೆ. ಕೌಂಟಿಯನ್ನು ಚುನಾಯಿತ ಕಮಿಷನರುಗಳ ಮಂಡಳಿ ನಡೆಸುತ್ತದೆ, ಕಾನೂನು ಕಾಯುವ ಶೆರಿಫ್ ಕೂಡ ಚುನಾಯಿತನೇ. ಶಾಲೆ, ಸಾರ್ವಜನಿಕ ಆರೋಗ್ಯ ಮೊದಲಾದವುಗಳ ಖರ್ಚಿನ ದೊಡ್ಡ ಪಾಲು ಕೌಂಟಿಯ ಆಸ್ತಿ ತೆರಿಗೆಯಿಂದ ಬರುತ್ತದೆ. ಕೌಂಟಿಯೊಳಗೆ ಜನ ಸೇರಿ ಕಾನೂನುಬದ್ಧವಾಗಿ ರಚಿಸಿಕೊಂಡ ನಗರ ಅಥವಾ ಪಟ್ಟಣಗಳಿದ್ದರೆ, ಅಲ್ಲಿನ ಆಸ್ತಿಯ ಒಡೆಯರು ಕೌಂಟಿಯ ತೆರಿಗೆಯ ಮೇಲೆ ನಗರದ ತೆರಿಗೆಯನ್ನೂ ಕಟ್ಟಬೇಕು. ನಮ್ಮಲ್ಲಿ ನಗರದ ಎಲ್ಲೆ ಮುಗಿದರೆ ಗ್ರಾಮ ಪಂಚಾಯಿತಿಯ ಎಲ್ಲೆ ಆರಂಭವಾಗುತ್ತದೆ. ಅಲ್ಲಿ ನಗರದ ಎಲ್ಲೆ ಮುಗಿದ ಮೇಲೆ ಪಂಚಾಯಿತಿಯಂಥ ಕೆಳಹಂತದ ಸಂಸ್ಥೆ ಯಾವುದೂ ಇಲ್ಲ, ಕೌಂಟಿ ಮಾತ್ರ ಇರುತ್ತದೆ. ಪಾರ್ಕ್ ಇರುವುದು ಅಂಥ ನೆಲದಲ್ಲಿ. ನಿಮ್ಮ ಕಚೇರಿಯ ಕಟ್ಟಡ ಡರಮ್ ಭಾಗದಲ್ಲಿದ್ದರೆ ಅದರ ಕಂದಾಯ ಡರಮ್ ಕೌಂಟಿಗೆ ಹೋಗುತ್ತದೆ, ಡರಮ್ ನಗರಕ್ಕೆ ಹೋಗುವುದಿಲ್ಲ.

ಇದು ಹೀಗೇಕಾಯಿತು ಎಂದು ತಿಳಿಯಲು 1950ರ ದಶಕಕ್ಕೆ ಹೋಗಬೇಕು. ಆಗ ಉತ್ತರ ಕ್ಯಾರೊಲಿನಾ ತಂಬಾಕು, ಜವಳಿ ಮತ್ತು ಪೀಠೋಪಕರಣಗಳ ಮೇಲೆ ಬದುಕುತ್ತಿದ್ದ, ತಲಾ ಆದಾಯದಲ್ಲಿ ದೇಶದ ಕೊನೆಯ ಸಾಲಿನಲ್ಲಿದ್ದ ರಾಜ್ಯ. ರಾಲಿಯಲ್ಲಿ ಉತ್ತರ ಕ್ಯಾರೊಲಿನಾ ಸ್ಟೇಟ್, ಡರಮ್‌ನಲ್ಲಿ ಖಾಸಗಿಯಾದ ಡ್ಯೂಕ್, ಚಾಪೆಲ್ ಹಿಲ್‌ನಲ್ಲಿ 1795ರಿಂದ ಪಾಠ ಹೇಳುತ್ತ ಬಂದಿದ್ದ ರಾಜ್ಯ ವಿಶ್ವವಿದ್ಯಾಲಯ, ಹೀಗೆ ಒಂದಕ್ಕೊಂದು ಹತ್ತಿರದಲ್ಲೇ ಮೂರು ಒಳ್ಳೆಯ ವಿದ್ಯಾಸಂಸ್ಥೆಗಳಿದ್ದವು. ಆದರೆ ಅಲ್ಲಿ ಓದಿ ಹೊರಬಂದ ರಸಾಯನಶಾಸ್ತ್ರಜ್ಞನಿಗೋ ಎಂಜಿನಿಯರಿಗೋ ರಾಜ್ಯದಲ್ಲಿ ತಕ್ಕ ಕೆಲಸ ಸಿಗುತ್ತಿರಲಿಲ್ಲ. ಹೆತ್ತವರು ಕಷ್ಟಪಟ್ಟು ಓದಿಸಿದ ಮಕ್ಕಳು ಊರು ಬಿಟ್ಟು ಹೋಗುವ ಈ ಸಂಕಟ ಕನ್ನಡದ ಓದುಗರಿಗೆ ಅಪರಿಚಿತವೇನಲ್ಲ.

ಚಾಪೆಲ್ ಹಿಲ್‌ನ ಸಮಾಜಶಾಸ್ತ್ರಜ್ಞ ಹೊವರ್ಡ್ ಓಡಮ್ ಈ ಮೂರೂ ಸಂಸ್ಥೆಗಳಿಗೆ ಸಾಮಾನ್ಯವಾದ ಸಂಶೋಧನಾ ಕೇಂದ್ರವೊಂದು ಬೇಕೆಂದು ಮೊದಲೇ ಸೂಚಿಸಿದ್ದರು. ಅದನ್ನು ಉದ್ಯಮದ ಭಾಷೆಗೆ ತಿರುಗಿಸಿದವರು ಗ್ರೀನ್ಸ್‌ಬರೋದ ಕಟ್ಟಡ ಗುತ್ತಿಗೆದಾರ ರೋಮಿಯೊ ಗೆಸ್ಟ್. ಮೂರು ಊರುಗಳ ನಡುವಿನ ತ್ರಿಕೋನವನ್ನು ಕಂಪನಿಗಳಿಗೆ ತೋರಿಸಿ ಕರೆತರಬಹುದೆಂಬ ಯೋಚನೆಯೂ ‘ರಿಸರ್ಚ್ ಟ್ರಯಾಂಗಲ್’ ಎಂಬ ಹೆಸರೂ ಅವರದು. ಕಂಪನಿಗಳು ಬಂದರೆ ಅವರಿಗೆ ಕಟ್ಟಡ ಕಟ್ಟುವ ಕೆಲಸ ಸಿಗುತ್ತಿತ್ತು. ಆ ಲೆಕ್ಕಾಚಾರವನ್ನು ಅವರು ಮುಚ್ಚಿಡಲಿಲ್ಲ. ಗವರ್ನರ್ ಲೂಥರ್ ಹಾಜಸ್ ಇದನ್ನು ರಾಜ್ಯದ ಕಾರ್ಯಕ್ರಮವಾಗಿ ಎತ್ತಿಕೊಂಡರು. 1956ರಲ್ಲಿ ರಿಸರ್ಚ್ ಟ್ರಯಾಂಗಲ್ ಸಮಿತಿ ರೂಪುಗೊಂಡಿತು, ಚಾಪೆಲ್ ಹಿಲ್‌ನ ಇನ್ನೊಬ್ಬ ಸಮಾಜಶಾಸ್ತ್ರಜ್ಞ ಜಾರ್ಜ್ ಸಿಂಪ್ಸನ್ ಅದರ ನಿರ್ದೇಶಕರಾದರು. ಸಿಂಪ್ಸನ್ ಮೂರೂ ವಿಶ್ವವಿದ್ಯಾಲಯಗಳ ಅಧ್ಯಾಪಕರನ್ನು ಕಂಪನಿಗಳ ಪ್ರಯೋಗಾಲಯಗಳಿಗೆ ಕಳಿಸಿದರು. ರಸಾಯನಶಾಸ್ತ್ರದ ಪ್ರಾಧ್ಯಾಪಕ ತನ್ನ ವಿಷಯದ ವಿಜ್ಞಾನಿಗಳ ಎದುರು ಕುಳಿತು, ನಮ್ಮ ಕಡೆಗೆ ಬನ್ನಿ ಎಂದು ಕೇಳುವ ಕೆಲಸ ಅದು. ಪಾರ್ಕ್‌ಗೆ ವಿಶ್ವವಿದ್ಯಾಲಯಗಳು ಕೊಟ್ಟ ಮೊದಲ ನೆರವು ಇದೇ ಹೊರತು ಯಾವುದೋ ಆವಿಷ್ಕಾರವಲ್ಲ.

ಇನ್ನು ನೆಲದ ಮಾತು. ಮೊದಲ ಯೋಜನೆಯ ಪ್ರಕಾರ ಪಾರ್ಕ್ ಲಾಭಕ್ಕಾಗಿ ನಡೆಯುವ ವ್ಯವಹಾರವಾಗಬೇಕಿತ್ತು. ಜವಳಿ ಉದ್ಯಮದಲ್ಲಿ ಹಣ ಮಾಡಿದ್ದ ನ್ಯೂಯಾರ್ಕ್‌ನ ಕಾರ್ಲ್ ರಾಬಿನ್ಸ್ 1957ರಲ್ಲಿ ಬಂಡವಾಳ ಹಾಕಲು ಒಪ್ಪಿದರು. ಪೈನ್‌ಲ್ಯಾಂಡ್ಸ್ ಎಂಬ ಕಂಪನಿಯ ಹೆಸರಿನಲ್ಲಿ ಪೈನ್ ಮರಗಳ ಕಾಡು, ಸಾರ ಬಸಿದ ಸಣ್ಣಪುಟ್ಟ ಹೊಲಗಳಿಂದ ಕೂಡಿದ್ದ ನೆಲವನ್ನು ಕೊಳ್ಳುವ ಕೆಲಸ ಆರಂಭವಾಯಿತು. ಆದರೆ ಕಂಪನಿಯ ಷೇರು ಕೊಳ್ಳಲು ರಾಜ್ಯದ ಹಣವಂತರು ಮುಂದೆ ಬರಲಿಲ್ಲ. 1958ರಲ್ಲಿ ವಾಚೋವಿಯ ಬ್ಯಾಂಕಿನ ಆರ್ಚಿ ಡೇವಿಸ್ ಅವರ ಬಳಿ ಷೇರು ಮಾರಿಕೊಡುವಂತೆ ಕೇಳಿದಾಗ ಅವರು ಬೇರೆ ದಾರಿ ಸೂಚಿಸಿದರು. ಇದು ರಾಜ್ಯಕ್ಕೆ ಒಳಿತಾಗುವ ಕೆಲಸವೆಂದಾದರೆ ಜನರಿಂದ ಹೂಡಿಕೆ ಕೇಳಬಾರದು, ದೇಣಿಗೆ ಕೇಳಬೇಕು ಎಂಬುದು ಅವರ ನಿಲುವು. ಲಾಭದ ಆಸೆ ತೋರಿಸಿದರೆ ಬಾರದ ಹಣ ದೇಣಿಗೆಯ ಹೆಸರಿನಲ್ಲಿ ಬಂದೀತೇ ಎಂದು ಯಾರಿಗಾದರೂ ಅನ್ನಿಸಬೇಕು. ಬಂದಿತು. 1959ರ ಜನವರಿಯ ಹೊತ್ತಿಗೆ ಡೇವಿಸ್ 14 ಲಕ್ಷ ಡಾಲರ್‌ಗೂ ಹೆಚ್ಚು ದೇಣಿಗೆ ಸಂಗ್ರಹಿಸಿದ್ದರು.

ಆ ಹಣದಿಂದ ಪೈನ್‌ಲ್ಯಾಂಡ್ಸ್‌ನ ನೆಲ ಲಾಭೋದ್ದೇಶವಿಲ್ಲದ ರಿಸರ್ಚ್ ಟ್ರಯಾಂಗಲ್ ಪ್ರತಿಷ್ಠಾನದ ಕೈಗೆ ಬಂತು, ರಿಸರ್ಚ್ ಟ್ರಯಾಂಗಲ್ ಇನ್‌ಸ್ಟಿಟ್ಯೂಟ್ ಎಂಬ ಸ್ವತಂತ್ರ ಸಂಶೋಧನಾ ಸಂಸ್ಥೆಯೂ ಸ್ಥಾಪನೆಯಾಯಿತು. ಪ್ರತಿಷ್ಠಾನ ಯಾರ ಹಿತಕ್ಕಾಗಿ ನೆಲವನ್ನು ಇಟ್ಟುಕೊಂಡಿದೆ ಎಂಬುದನ್ನು ಗಮನಿಸಬೇಕು: ಅದರ ಫಲಾನುಭವಿಗಳು ಮೂರು ವಿಶ್ವವಿದ್ಯಾಲಯಗಳು. ನೆಲ ಮಾರಿ ಬಂದ ಹಣ ಯಾವ ಮಾಲೀಕನ ಜೇಬಿಗೂ ಹೋಗುವಂತಿಲ್ಲ. ಇದರಿಂದ ಎರಡು ಅನುಕೂಲಗಳಾದವು. ಬೇಗ ಮಾರಿ ಲಾಭ ಮಾಡಿಕೊಳ್ಳುವ ಒತ್ತಡ ಪ್ರತಿಷ್ಠಾನಕ್ಕೆ ಇರಲಿಲ್ಲವಾದ್ದರಿಂದ ಸಂಶೋಧನೆಗೆ ಹೊರತಾದ ಕಾರ್ಖಾನೆಗಳನ್ನು ಅದು ದೂರವಿಡಬಲ್ಲದಾಗಿತ್ತು. ಪ್ರತಿ ಕ್ರಯಪತ್ರದಲ್ಲೂ, ನಿವೇಶನದ ಸಣ್ಣ ಭಾಗದಲ್ಲಿ ಮಾತ್ರ ಕಟ್ಟಡ ಬರಬೇಕು, ಉಳಿದದ್ದು ಮರಗಿಡಗಳಿಗೆ ಬಿಟ್ಟಿರಬೇಕು ಎಂಬಂಥ ಷರತ್ತುಗಳನ್ನು ಹಾಕಿತು. ನಿಮ್ಮ ಕಚೇರಿ ರಸ್ತೆಯಿಂದ ಕಾಣದಷ್ಟು ಒಳಗೆ, ಪೈನ್ ಮರಗಳ ಹಿಂದೆ ಇದ್ದರೆ ಅದಕ್ಕೆ ಆ ಷರತ್ತುಗಳೇ ಕಾರಣ. ಎರಡನೆಯದು, ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ಗಳಿಂದ ಹಿಡಿದು ಸರ್ಕಾರದ ಅನುದಾನದವರೆಗೆ ಎಲ್ಲದರಲ್ಲೂ ಪೈಪೋಟಿಗಿಳಿಯುವ ಮೂರು ವಿಶ್ವವಿದ್ಯಾಲಯಗಳಿಗೆ ಒಂದೇ ಮೇಜಿನ ಸುತ್ತ ಕೂರಲು ಕಾರಣ ಸಿಕ್ಕಿತು. ಪಾರ್ಕ್ ಯಾವುದೇ ಒಂದು ವಿಶ್ವವಿದ್ಯಾಲಯದ ಆವರಣದಲ್ಲಿ ಇರಲಿಲ್ಲ, ಆದ್ದರಿಂದ ಅದು ಯಾರಿಗೂ ಪರಕೀಯವಾಗಲಿಲ್ಲ.

ಹಾಗೆಂದು ಎಲ್ಲವೂ ಒಡನೆ ಕೈಗೂಡಲಿಲ್ಲ. ಕೃತಕ ನೂಲು ತಯಾರಿಸುವ ಕೆಮ್‌ಸ್ಟ್ರಾಂಡ್ ಕಂಪನಿ ಮೊದಲು ಬಂತು. ಆಮೇಲಿನ ಐದಾರು ವರ್ಷ ಪಾರ್ಕ್ ಹೆಚ್ಚುಕಡಿಮೆ ಖಾಲಿಯಾಗಿಯೇ ಇತ್ತು. ಸ್ಥಿತಿ ಬದಲಾದದ್ದು 1965ರಲ್ಲಿ. ಆ ವರ್ಷ ಐಬಿಎಂ 400 ಎಕರೆಯಲ್ಲಿ ನೆಲೆಗೊಳ್ಳುವುದಾಗಿ ಪ್ರಕಟಿಸಿತು, ಪರಿಸರ ಮತ್ತು ಆರೋಗ್ಯದ ಸಂಬಂಧವನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆಯನ್ನು ಅಲ್ಲಿ ಸ್ಥಾಪಿಸಲು ಕೇಂದ್ರ ಸರ್ಕಾರ ನಿರ್ಧರಿಸಿತು. ಅದಕ್ಕೆ ಪ್ರತಿಷ್ಠಾನ 500ಕ್ಕೂ ಹೆಚ್ಚು ಎಕರೆ ನೆಲವನ್ನು ದಾನವಾಗಿ ಕೊಟ್ಟಿತು. ಹಾಜಸ್ ಅಷ್ಟರಲ್ಲಿ ಕೆನಡಿ ಸಂಪುಟದಲ್ಲಿ ವಾಣಿಜ್ಯ ಸಚಿವರಾಗಿದ್ದರು, ಅವರ ನಂತರ ಗವರ್ನರ್ ಆದ ಟೆರಿ ಸ್ಯಾನ್‌ಫರ್ಡ್ 1960ರ ಚುನಾವಣೆಯಲ್ಲಿ ಕೆನಡಿಯವರ ಬೆಂಬಲಕ್ಕೆ ನಿಂತಿದ್ದರು. ಈ ರಾಜಕೀಯ ನಂಟು ಇಲ್ಲದಿದ್ದರೆ ಆ ಸಂಸ್ಥೆ ಬೇರೆ ರಾಜ್ಯಕ್ಕೆ ಹೋಗುವ ಸಾಧ್ಯತೆಯೇ ಹೆಚ್ಚಿತ್ತೆಂದು ನಾನು ಭಾವಿಸುತ್ತೇನೆ. ಅದೇ ಸ್ಯಾನ್‌ಫರ್ಡ್ ಮುಂದೆ ಒಂದೂವರೆ ದಶಕ ಡ್ಯೂಕ್‌ನ ಅಧ್ಯಕ್ಷರಾಗಿದ್ದರು. ರಾಜ್ಯದ ರಾಜಕಾರಣ, ಬ್ಯಾಂಕು, ವಿಶ್ವವಿದ್ಯಾಲಯ, ಈ ಮೂರರ ನಡುವೆ ಅದೇ ಜನ ಓಡಾಡುತ್ತಿದ್ದರು ಎಂಬುದನ್ನು ಮರೆತರೆ ಪಾರ್ಕ್‌ನ ಕಥೆ ಅರ್ಥವಾಗುವುದಿಲ್ಲ.

ವಿಶ್ವವಿದ್ಯಾಲಯಗಳು ಏನು ಮಾಡಿದವು ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಈಗ ಬರಬಹುದು. ಅವುಗಳ ಪ್ರಯೋಗಾಲಯದಲ್ಲಿ ಹುಟ್ಟಿದ ವಿಚಾರಗಳು ಪಾರ್ಕ್‌ಗೆ ಹೋಗಿ ಕಂಪನಿಗಳಾದವು ಎಂಬ ಚಿತ್ರ ಬಹುಮಟ್ಟಿಗೆ ಸರಿಯಲ್ಲ. ಪಾರ್ಕ್‌ಗೆ ಮೊದಲು ಬಂದವು ಹೊರಗಿನ ದೊಡ್ಡ ಕಂಪನಿಗಳ ಶಾಖೆಗಳು. ವಿಶ್ವವಿದ್ಯಾಲಯದಿಂದಲೇ ಹುಟ್ಟಿದ ಪ್ರಸಿದ್ಧ ಕಂಪನಿಯೆಂದರೆ ಉತ್ತರ ಕ್ಯಾರೊಲಿನಾ ಸ್ಟೇಟ್‌ನ ಸಂಖ್ಯಾಶಾಸ್ತ್ರದ ಯೋಜನೆಯಿಂದ 1976ರಲ್ಲಿ ಬೇರೆಯಾದ ಸಾಫ್ಟ್‌ವೇರ್ ಕಂಪನಿ ಎಸ್‌ಎಎಸ್. ಅದು ನೆಲೆನಿಂತದ್ದು ಪಾರ್ಕ್‌ನಲ್ಲಲ್ಲ, ಪಕ್ಕದ ಕ್ಯಾರಿಯಲ್ಲಿ. ವಿಶ್ವವಿದ್ಯಾಲಯಗಳು ಪಾರ್ಕ್‌ಗೆ ಕೊಟ್ಟದ್ದು ಜನರನ್ನು: ಓದು ಮುಗಿಸಿದ ಯುವಕ ಯುವತಿಯರನ್ನು, ಸಲಹೆಗೆ ಸಿಗುವ ಅಧ್ಯಾಪಕರನ್ನು, ಮತ್ತು ಒಬ್ಬರಿಗೆ ಪಾರ್ಕ್‌ನಲ್ಲಿ ಕೆಲಸ ಸಿಕ್ಕರೆ ಅವರ ಬಾಳಸಂಗಾತಿಗೆ ಬೋಧನೆಯ ಕೆಲಸ ಸಿಗಬಹುದಾದ ಊರುಗಳನ್ನು. ವಿಜ್ಞಾನಿಯೊಬ್ಬರು ಹೊಸ ಪ್ರದೇಶಕ್ಕೆ ಸಂಸಾರ ಸಮೇತ ಹೊರಡುವಾಗ ಈ ಕೊನೆಯದು ಎಷ್ಟು ಮುಖ್ಯವೆಂದು ನಿಮಗೆ ಹೇಳಬೇಕಾಗಿಲ್ಲ.

ಪಾರ್ಕ್ ಮತ್ತು ವಿಶ್ವವಿದ್ಯಾಲಯಗಳ ನಡುವಿನ ಈ ಜನರ ನಂಟಿಗೆ ಒಳ್ಳೆಯ ಉದಾಹರಣೆ ಔಷಧ ವಿಜ್ಞಾನಿ ಗರ್ಟ್ರೂಡ್ ಎಲಿಯನ್. ಬರೋಸ್ ವೆಲ್‌ಕಮ್ ಔಷಧ ಕಂಪನಿ 1970ರ ಸುಮಾರಿಗೆ ಪಾರ್ಕ್‌ಗೆ ಸ್ಥಳಾಂತರವಾದಾಗ ಅವರೂ ಬಂದರು. ಸರ್ಪಸುತ್ತಿನಂಥ ವೈರಸ್ ರೋಗಗಳಿಗೆ ಕೊಡುವ ಅಸೈಕ್ಲೊವಿರ್ ಔಷಧವನ್ನು ರೂಪಿಸಿದ್ದು ಅವರ ತಂಡ. 1987ರಲ್ಲಿ ಏಡ್ಸ್‌ಗೆ ಒಪ್ಪಿಗೆ ಪಡೆದ ಮೊದಲ ಔಷಧ ಎಜಡ್‌ಟಿ ಬಂದದ್ದೂ ಅದೇ ಕಂಪನಿಯಿಂದ. 1988ರಲ್ಲಿ ನೊಬೆಲ್ ಪಡೆದ ಎಲಿಯನ್ ಡ್ಯೂಕ್‌ನಲ್ಲಿ ಸಂಶೋಧನಾ ಪ್ರಾಧ್ಯಾಪಕರೂ ಆಗಿ ವೈದ್ಯ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಿದರು. ಮಹಾರಾಷ್ಟ್ರದ ನಂದುರಬಾರ್‌ನಲ್ಲಿ ಹುಟ್ಟಿದ ಮನ್ಸುಖ್ ವಾಣಿಯವರ ಹೆಸರನ್ನೂ ಇಲ್ಲಿ ಹೇಳಲೇಬೇಕು. ಅವರು 1962ರಲ್ಲಿ ರಿಸರ್ಚ್ ಟ್ರಯಾಂಗಲ್ ಇನ್‌ಸ್ಟಿಟ್ಯೂಟ್ ಸೇರಿ, ಮನ್ರೋ ವಾಲ್ ಅವರ ಜೊತೆಗೂಡಿ ಯೂ ಮರದ ತೊಗಟೆಯಿಂದ ಟ್ಯಾಕ್ಸಾಲ್ ಎಂಬ ವಸ್ತುವನ್ನು ಬೇರ್ಪಡಿಸಿ, 1971ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಇಂದು ಅಂಡಾಶಯ ಮತ್ತು ಸ್ತನದ ಕ್ಯಾನ್ಸರಿಗೆ ನಮ್ಮ ಊರಿನ ಆಸ್ಪತ್ರೆಗಳಲ್ಲೂ ಅದನ್ನು ಕೊಡುತ್ತಾರೆ. ಅಂಗಡಿಯ ಸಾಮಾನಿನ ಮೇಲೆ ಕಾಣುವ ಬಾರ್‌ಕೋಡ್‌ನ ಕಪ್ಪುಬಿಳುಪು ಗೆರೆಗಳ ರೂಪವನ್ನು ಸಿದ್ಧಪಡಿಸಿದ್ದೂ ಪಾರ್ಕ್‌ನ ಐಬಿಎಂ ಕಚೇರಿಯ ಎಂಜಿನಿಯರ್ ಜಾರ್ಜ್ ಲಾರರ್ ಅವರೇ.

ಪಾರ್ಕ್ ವಿಶ್ವವಿದ್ಯಾಲಯಗಳಿಗೆ ಹಿಂದಿರುಗಿಸಿದ್ದೂ ಇದೆ. 1975ರಲ್ಲಿ ಪ್ರತಿಷ್ಠಾನ ಪಾರ್ಕ್‌ನ ಮಧ್ಯದಲ್ಲಿ 120 ಎಕರೆಯನ್ನು ಮೂರೂ ವಿಶ್ವವಿದ್ಯಾಲಯಗಳ ಜಂಟಿ ಸಂಸ್ಥೆಯೊಂದಕ್ಕೆ ಕೊಟ್ಟಿತು. 1978ರಲ್ಲಿ ಅಲ್ಲಿ ಬಾಗಿಲು ತೆರೆದದ್ದು ರಾಷ್ಟ್ರೀಯ ಮಾನವಿಕ ಕೇಂದ್ರ. ಔಷಧ ಮತ್ತು ಕಂಪ್ಯೂಟರುಗಳ ನಡುವೆ ಇತಿಹಾಸ, ಸಾಹಿತ್ಯ, ತತ್ವಶಾಸ್ತ್ರ ಓದುವವರಿಗೆ ಮನೆ ಮಾಡಿಕೊಟ್ಟ ಈ ತೀರ್ಮಾನವನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ನೆಲ ಲಾಭದ ಕಂಪನಿಯೊಂದರ ಕೈಯಲ್ಲಿದ್ದಿದ್ದರೆ ಇದು ಆಗುತ್ತಿರಲಿಲ್ಲ.

ಮೂರು ವಿಶ್ವವಿದ್ಯಾಲಯ ಎನ್ನುವಾಗ ಬಿಟ್ಟುಹೋಗುವ ನಾಲ್ಕನೆಯದೊಂದಿದೆ. 1910ರಲ್ಲಿ ಜೇಮ್ಸ್ ಶೆಪರ್ಡ್ ಡರಮ್‌ನಲ್ಲಿ ಸ್ಥಾಪಿಸಿದ, ಇಂದು ಉತ್ತರ ಕ್ಯಾರೊಲಿನಾ ಸೆಂಟ್ರಲ್ ವಿಶ್ವವಿದ್ಯಾಲಯ ಎಂದು ಕರೆಯುವ ಕಪ್ಪುಜನರ ವಿದ್ಯಾಸಂಸ್ಥೆ ಪಾರ್ಕ್‌ನಿಂದ ಕೆಲವೇ ಮೈಲಿ ದೂರದಲ್ಲಿತ್ತು. ತ್ರಿಕೋನದ ಲೆಕ್ಕಕ್ಕೆ ಅದನ್ನು ತೆಗೆದುಕೊಳ್ಳಲಿಲ್ಲ. ಅದು ವರ್ಣಭೇದದ ಕಾಲ. ಪಾರ್ಕ್ ಘೋಷಣೆಯಾದ ಮರುವರ್ಷವೇ, 1960ರ ಫೆಬ್ರುವರಿಯಲ್ಲಿ, ರೋಮಿಯೊ ಗೆಸ್ಟ್ ಅವರ ಊರಾದ ಗ್ರೀನ್ಸ್‌ಬರೋದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಊಟದ ಕಟ್ಟೆಯಲ್ಲಿ ಕುಳಿತು ಪ್ರತಿಭಟನೆ ಆರಂಭಿಸಿದರು. ಔಷಧ ತಯಾರಿಕೆಯ ತರಬೇತಿ ಕೊಡುವ ಸಂಸ್ಥೆಯೊಂದು ಇಂದು ಆ ವಿಶ್ವವಿದ್ಯಾಲಯದಲ್ಲಿದೆ, ಅದರ ವಿದ್ಯಾರ್ಥಿಗಳು ಪಾರ್ಕ್‌ನ ಕಂಪನಿಗಳಿಗೆ ಹೋಗುತ್ತಾರೆ. ಆದರೆ ಪ್ರತಿಷ್ಠಾನದ ಮೂಲ ಹಂಚಿಕೆಯಲ್ಲಿ ಪಾಲು ಸಿಗದಿದ್ದುದರ ನಷ್ಟ ಆಮೇಲಿನ ಸಹಕಾರದಿಂದ ತುಂಬಿತೆಂದು ಹೇಳಲಾರೆ.

ಈಗ ನಿಮ್ಮ ತಂದೆಯವರ ಕಂದಾಯದ ವಿಷಯ. ಪಾರ್ಕ್ ಹುಟ್ಟಿದ 1959ರಲ್ಲೇ ಉತ್ತರ ಕ್ಯಾರೊಲಿನಾ ಶಾಸನಸಭೆ ನಗರಗಳ ವಿಸ್ತರಣೆಗೆ ಸಂಬಂಧಿಸಿದ ಕಾನೂನೊಂದನ್ನು ಮಾಡಿತು. ಪಕ್ಕದ ಪ್ರದೇಶ ನಗರದಂತೆ ಬೆಳೆದಿದ್ದರೆ, ಅಲ್ಲಿನ ಒಡೆಯರ ಒಪ್ಪಿಗೆ ಇಲ್ಲದಿದ್ದರೂ ನಗರ ಅದನ್ನು ತನ್ನ ಎಲ್ಲೆಗೆ ಸೇರಿಸಿಕೊಳ್ಳಬಹುದಿತ್ತು. ಬೆಳೆದ ಪ್ರದೇಶ ನಗರಕ್ಕೆ ತೆರಿಗೆ ಕಟ್ಟಲಿ, ನಗರ ಸೇವೆ ಕೊಡಲಿ ಎಂಬ ತರ್ಕ ನ್ಯಾಯವಾದದ್ದೇ. ಡರಮ್ ನಗರ ದಕ್ಷಿಣಕ್ಕೆ ಬೆಳೆಯುತ್ತ ಬಂದಂತೆ ಪಾರ್ಕ್‌ನ ಕಂಪನಿಗಳಿಗೆ ಆತಂಕವಾಯಿತು. ಇಂದಲ್ಲ ನಾಳೆ ಎರಡೆರಡು ತೆರಿಗೆ ಕಟ್ಟಬೇಕಾದೀತು ಎಂಬುದು ಅದರ ಕಾರಣ. 1985ರಲ್ಲಿ ಶಾಸನಸಭೆ ಮಧ್ಯದ ದಾರಿ ಹುಡುಕಿತು. ಲಾಭೋದ್ದೇಶವಿಲ್ಲದ ಸಂಸ್ಥೆ ಅಭಿವೃದ್ಧಿಪಡಿಸಿದ, ಇಂತಿಷ್ಟು ವಿಸ್ತಾರ ಮತ್ತು ಉದ್ಯೋಗವಿರುವ ಸಂಶೋಧನಾ ಪಾರ್ಕನ್ನು ಕೌಂಟಿಯು ವಿಶೇಷ ಸೇವಾ ವಲಯವೆಂದು ಘೋಷಿಸಬಹುದು. ಅಂಥ ವಲಯವನ್ನು ನಗರಗಳು ಸೇರಿಸಿಕೊಳ್ಳುವಂತಿಲ್ಲ. ಬದಲಿಗೆ ಆಸ್ತಿಯ ಒಡೆಯರು ಕೌಂಟಿ ತೆರಿಗೆಯ ಜೊತೆಗೆ, ನೂರು ಡಾಲರ್ ಮೌಲ್ಯಕ್ಕೆ ಹತ್ತು ಸೆಂಟ್ ಮೀರದಂತೆ, ಇನ್ನೊಂದು ವಿಶೇಷ ತೆರಿಗೆ ಕಟ್ಟಬೇಕು. ಆ ಹಣ ಪಾರ್ಕ್‌ನ ಸಾಮಾನ್ಯ ಅನುಕೂಲಗಳಿಗೇ ಖರ್ಚಾಗಬೇಕು. ತೆರಿಗೆಯ ದರ ಮತ್ತು ಖರ್ಚಿನ ಬಗ್ಗೆ ಸಲಹೆ ಕೊಡುವುದು ಒಡೆಯರ ಮತ್ತು ಬಾಡಿಗೆದಾರರ ಸಂಘ. ನೀರು ಮತ್ತು ಒಳಚರಂಡಿ ಮಾತ್ರ ಅಕ್ಕಪಕ್ಕದ ಊರುಗಳಿಂದಲೇ ಬರುತ್ತದೆ. ಡರಮ್ ಭಾಗಕ್ಕೆ ಡರಮ್ ನಗರ ಕೊಡುತ್ತದೆ, ವೇಕ್ ಭಾಗಕ್ಕೆ ಕ್ಯಾರಿ ಕೊಡುತ್ತದೆ.

ಕಂಪನಿಗಳಿಗೆ ಇದು ಬಹಳ ಅನುಕೂಲವಾಯಿತು. ತೆರಿಗೆಗೆ ಮಿತಿ ಇತ್ತು, ಚುನಾವಣೆಯಿಂದ ಚುನಾವಣೆಗೆ ನಿಯಮ ಬದಲಾಗುವ ಭಯ ಇರಲಿಲ್ಲ. ಆದರೆ ಮನೆಗಳಿಲ್ಲದ ಕಡೆ ಮತದಾರರಿರುವುದಿಲ್ಲ, ಮತದಾರರಿಲ್ಲದ ಕಡೆ ಬಸ್ಸು ಬೇಕು, ಫುಟ್‌ಪಾತ್ ಬೇಕು ಎಂದು ಕೇಳುವ ದನಿಯೂ ಇರುವುದಿಲ್ಲ. ಪಾರ್ಕ್‌ನಲ್ಲಿ ದುಡಿಯುವವರ ಮನೆ, ಶಾಲೆ, ಮಾರುಕಟ್ಟೆಗಳ ಭಾರವೆಲ್ಲ ಸುತ್ತಲಿನ ಊರುಗಳ ಮೇಲೆ ಬಿತ್ತು. 1960ರಲ್ಲಿ ಮೂರೂವರೆ ಸಾವಿರ ಜನಸಂಖ್ಯೆಯೂ ಇರದಿದ್ದ ಕ್ಯಾರಿಯಲ್ಲಿ 2020ರ ಜನಗಣತಿಯ ಹೊತ್ತಿಗೆ 1,74,000ಕ್ಕೂ ಹೆಚ್ಚು ಜನರಿದ್ದರು. ನಿಮ್ಮ ಮಾರಿಸ್‌ವಿಲ್ 30,000ದ ಹತ್ತಿರ ಬಂದಿತ್ತು. ಭಾರತೀಯ ಮೂಲದ ಅಷ್ಟೊಂದು ಕುಟುಂಬಗಳು, ಕ್ಯಾರಿಯ ವೆಂಕಟೇಶ್ವರ ದೇವಸ್ಥಾನ, 2023ರಲ್ಲಿ ಮೇಜರ್ ಲೀಗ್ ಕ್ರಿಕೆಟ್ ಪಂದ್ಯಗಳು ನಡೆದ ನಿಮ್ಮೂರಿನ ಚರ್ಚ್ ಸ್ಟ್ರೀಟ್ ಮೈದಾನ, ಇವೆಲ್ಲ ಪಾರ್ಕ್‌ನ ಎಲ್ಲೆಯ ಹೊರಗಿವೆ, ಆದರೆ ಪಾರ್ಕ್ ಇಲ್ಲದಿದ್ದರೆ ಇರುತ್ತಿರಲಿಲ್ಲ. ನಿಮ್ಮ ಲೆಕ್ಕವನ್ನೇ ನೋಡಿ: ನಿಮ್ಮ ಕಚೇರಿ ಡರಮ್ ಭಾಗದಲ್ಲಿದ್ದರೆ ಅದರ ತೆರಿಗೆ ಡರಮ್ ಕೌಂಟಿಗೆ ಹೋಗುತ್ತದೆ, ಮಾರಿಸ್‌ವಿಲ್‌ನ ಬಹುಪಾಲು ಮನೆಗಳ ಮಕ್ಕಳು ಓದುವುದು ವೇಕ್ ಕೌಂಟಿಯ ಶಾಲೆಗಳಲ್ಲಿ. ಪ್ರತಿ ವರ್ಷ ಶಾಲೆ ಕಟ್ಟಿಸುವ ಹೊಣೆ ಹೊತ್ತಿರುವ ಕೌಂಟಿಗೆ ಆ ಮಕ್ಕಳ ಹೆತ್ತವರು ಕೆಲಸ ಮಾಡುವ ಕಟ್ಟಡದಿಂದ ಬರುವ ಆಸ್ತಿ ತೆರಿಗೆ ಏನೂ ಇಲ್ಲ.

ರೈಲಿನ ಕಥೆಯ ಬೇರು ಕೂಡ ಇಲ್ಲೇ ಇದೆ. ಇಡೀ ಪ್ರದೇಶಕ್ಕೆ ಸಾರಿಗೆ ಪ್ರಾಧಿಕಾರವೊಂದು 1989ರಿಂದ ಇದೆ, ಇಂದು ಅದರ ಹೆಸರು ಗೋಟ್ರಯಾಂಗಲ್. ಆದರೆ ಸಾರಿಗೆಗಾಗಿ ಅರ್ಧ ಸೆಂಟಿನ ಮಾರಾಟ ತೆರಿಗೆಯನ್ನು ಡರಮ್ ಕೌಂಟಿಯ ಮತದಾರರು 2011ರಲ್ಲಿ, ಚಾಪೆಲ್ ಹಿಲ್ ಇರುವ ಆರೆಂಜ್ ಕೌಂಟಿಯವರು 2012ರಲ್ಲಿ, ವೇಕ್ ಕೌಂಟಿಯವರು 2016ರಲ್ಲಿ ಒಪ್ಪಿದರು. ಹೀಗೆ ಹಣ ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಕೌಂಟಿಗಳಲ್ಲಿ ಹುಟ್ಟಿದಾಗ ಯೋಜನೆಗಳೂ ಹಾಗೆಯೇ ತುಂಡಾದವು. ಡರಮ್, ಪಾರ್ಕ್, ರಾಲಿಗಳನ್ನು ಜೋಡಿಸುವ ಮೊದಲಿನ ರೈಲು ಯೋಜನೆ ಕೇಂದ್ರದ ಅನುದಾನ ಸಿಗದೆ 2006ರಲ್ಲಿ ನಿಂತಿತ್ತು. ಆಮೇಲೆ ಬಂದ ಡರಮ್–ಚಾಪೆಲ್ ಹಿಲ್ ಲಘು ರೈಲು ಮಾರ್ಗ ಪಾರ್ಕನ್ನು ಮುಟ್ಟುತ್ತಲೇ ಇರಲಿಲ್ಲ. ಅದರ ಒಂದು ತುದಿಯನ್ನು ನಾನು ಮೇಲೆ ಹೇಳಿದ ಸೆಂಟ್ರಲ್ ವಿಶ್ವವಿದ್ಯಾಲಯದವರೆಗೆ ಒಯ್ಯುವ ತೀರ್ಮಾನವೂ ಆಗಿತ್ತು. 2019ರ ಫೆಬ್ರುವರಿಯಲ್ಲಿ ಡ್ಯೂಕ್ ತನ್ನ ಆಸ್ಪತ್ರೆಯ ಸೂಕ್ಷ್ಮ ಉಪಕರಣಗಳಿಗೆ ವಿದ್ಯುತ್ಕಾಂತೀಯ ಅಡಚಣೆ ಮತ್ತು ಕಂಪನದಿಂದ ತೊಂದರೆಯಾಗುತ್ತದೆಂದು ಕಾರಣ ಕೊಟ್ಟು ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ಮುಂದಿನ ತಿಂಗಳೇ ಯೋಜನೆ ಕೊನೆಗೊಂಡಿತು. ಆಸ್ಪತ್ರೆಯ ಆತಂಕ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಎರಡು ಕೌಂಟಿಗಳ ಮತದಾರರು ತೆರಿಗೆ ಕಟ್ಟಲು ಒಪ್ಪಿದ್ದ ಯೋಜನೆ ಒಂದು ಖಾಸಗಿ ಸಂಸ್ಥೆಯ ನಿರಾಕರಣೆಯಿಂದ ನಿಂತುಹೋಗುವುದಾದರೆ, ಆ ಪ್ರದೇಶದಲ್ಲಿ ಚುನಾಯಿತ ಆಡಳಿತಕ್ಕಿಂತ ವಿಶ್ವವಿದ್ಯಾಲಯದ ಕೈ ಮೇಲಾಗಿದೆ ಎಂದೇ ಅರ್ಥ. 1950ರ ದಶಕದಲ್ಲಿ ಪ್ರದೇಶವನ್ನು ಒಂದಾಗಿಸಿದ ಶಕ್ತಿಯೇ 2019ರಲ್ಲಿ ಅದನ್ನು ತಡೆದದ್ದು ನನಗೆ ನೋವಿನ ಸಂಗತಿ.

ಪ್ರತಿಷ್ಠಾನಕ್ಕೂ ತನ್ನ ಹಳೆಯ ಮಾದರಿಯ ಮಿತಿ ತಿಳಿದಿದೆ. ಡರಮ್‌ನ ಹಳೆಯ ಅಮೆರಿಕನ್ ಟೊಬ್ಯಾಕೊ ಕಾರ್ಖಾನೆ 2004ರಲ್ಲಿ ಕಚೇರಿಗಳಾಗಿ ಮತ್ತೆ ತೆರೆದ ಮೇಲೆ, ಯುವ ಉದ್ಯೋಗಿಗಳು ನಡೆದು ಊಟಕ್ಕೆ ಹೋಗಬಹುದಾದ ನಗರದ ಮಧ್ಯಭಾಗವನ್ನೇ ಬಯಸತೊಡಗಿದರು. 2012ರಲ್ಲಿ 50 ವರ್ಷಗಳ ಮುನ್ನೋಟದ ಹೊಸ ಯೋಜನೆ ಪ್ರಕಟವಾಯಿತು. ಪಾರ್ಕ್‌ನ ಆಯ್ದ ಭಾಗದಲ್ಲಿ ಹೆಚ್ಚಿನ ತೆರಿಗೆ ವಿಧಿಸಿ ನಗರದ ಮಾದರಿಯ ಸೇವೆ ಕೊಡಲು ಶಾಸನಸಭೆ ಅವಕಾಶ ಮಾಡಿತು. 2015ರಲ್ಲಿ ಹೊಸ ಉದ್ಯಮಗಳಿಗಾಗಿ ಫ್ರಾಂಟಿಯರ್, 2021ರಲ್ಲಿ ಹಡಗಿನ ಸರಕು ಪೆಟ್ಟಿಗೆಗಳಲ್ಲಿ ಕಟ್ಟಿದ ಬಾಕ್ಸ್‌ಯಾರ್ಡ್ ಎಂಬ ಅಂಗಡಿ ಹೋಟೆಲುಗಳ ತಾಣ ಬಂದವು. ಹಬ್ ಎಂಬ ಭಾಗದಲ್ಲಿ ಪಾರ್ಕ್‌ನ ಚರಿತ್ರೆಯಲ್ಲೇ ಮೊದಲ ಬಾರಿಗೆ ಅಪಾರ್ಟ್‌ಮೆಂಟುಗಳು ಎದ್ದಿವೆ. ಎಲಿಯನ್ ಕೆಲಸ ಮಾಡಿದ, ವಾಸ್ತುಶಿಲ್ಪಿ ಪಾಲ್ ರುಡಾಲ್ಫ್ ವಿನ್ಯಾಸದ 1972ರ ಬರೋಸ್ ವೆಲ್‌ಕಮ್ ಕಟ್ಟಡವನ್ನು ಮಾತ್ರ 2021ರಲ್ಲಿ ಕೆಡವಿಬಿಟ್ಟರು. ಊರಿದ್ದಿದ್ದರೆ ಅದನ್ನು ಉಳಿಸಿ ಎನ್ನಲು ಊರವರಿರುತ್ತಿದ್ದರು.

ಎಲೆಕ್ಟ್ರಾನಿಕ್ಸ್ ಸಿಟಿಯ ಹೋಲಿಕೆ ಒಂದು ಹಂತದವರೆಗೆ ಸರಿ. ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್‌ನ ಆರ್. ಕೆ. ಬಾಳಿಗ ಅವರ ಮುಂದಾಲೋಚನೆಯಿಂದ 1970ರ ದಶಕದ ಕೊನೆಗೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆಯಲ್ಲಿ ಅದು ಆರಂಭವಾಯಿತು. ನಮ್ಮ ಸಂವಿಧಾನದ 243ಕ್ಯೂ ವಿಧಿ, ಕಂಪನಿಗಳೇ ಪೌರಸೇವೆ ಒದಗಿಸುವ ಪ್ರದೇಶವನ್ನು ಕೈಗಾರಿಕಾ ಪಟ್ಟಣವೆಂದು ಘೋಷಿಸಿ ಪುರಸಭೆಯಿಂದ ಹೊರಗಿಡಲು ಅವಕಾಶ ಕೊಡುತ್ತದೆ. ಅದರ ಬಲದಿಂದ 2013ರಲ್ಲಿ ಎಲ್ಸಿಟಾ ಎಂಬ ಪ್ರಾಧಿಕಾರ ಬಂತು. ಊರಿಗೆ ಸೇರದೆ ತೆರಿಗೆಯನ್ನು ಒಳಗೇ ಖರ್ಚು ಮಾಡಿಕೊಳ್ಳುವ ಈ ಏರ್ಪಾಡು ಉತ್ತರ ಕ್ಯಾರೊಲಿನಾದ 1985ರ ಕಾನೂನಿನ ಸೋದರನಂತಿದೆ. ಭೇದ ಇರುವುದು ನೆಲದಲ್ಲಿ. ಎಲೆಕ್ಟ್ರಾನಿಕ್ಸ್ ಸಿಟಿಯ ನೆಲದ ಬೆಲೆ ಏರಿದರೆ ಯಾವ ವಿಶ್ವವಿದ್ಯಾಲಯಕ್ಕೂ ಅದರ ಪಾಲು ಸಿಗುವುದಿಲ್ಲ. ಅಲ್ಲಿರುವ ಐಐಐಟಿ 1999ರಲ್ಲಿ ಹುಟ್ಟಿದ್ದು, ಕಂಪನಿಗಳು ಬಂದ ಎಷ್ಟೋ ವರ್ಷದ ಮೇಲೆ. ಆದರೆ ಸಾರಿಗೆಯಲ್ಲಿ ನಾವು ಮುಂದಿದ್ದೇವೆ: 2025ರ ಆಗಸ್ಟ್‌ನಲ್ಲಿ ಮೆಟ್ರೊದ ಹಳದಿ ಮಾರ್ಗ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ದಾಟಿ ಬೊಮ್ಮಸಂದ್ರ ಮುಟ್ಟಿತು.

ಕೊನೆಯದಾಗಿ, ಉಪಯೋಗಕ್ಕೆ ಬರುವ ಒಂದು ವಿವರ. ನಿಮಗೆ ಅಲ್ಲಿ ಮತದ ಹಕ್ಕು ಇದ್ದರೆ ಅದು ನಡೆಯುವುದು ಮಾರಿಸ್‌ವಿಲ್ ಪಟ್ಟಣದಲ್ಲಿ ಮತ್ತು ನೀವಿರುವ ಕೌಂಟಿಯಲ್ಲಿ ಮಾತ್ರ. ನಿಮ್ಮ ಕಚೇರಿಯ ಮುಂದಿನ ರಸ್ತೆಯ ಬಗ್ಗೆ ಅದು ಏನನ್ನೂ ನಿರ್ಧರಿಸುವುದಿಲ್ಲ. ಆದರೆ ಪಾರ್ಕ್‌ನ ಡರಮ್ ಭಾಗದಲ್ಲಿ ಭೂಬಳಕೆ ಬದಲಾಗುವಾಗಲೆಲ್ಲ ಡರಮ್ ಕೌಂಟಿಯ ಕಮಿಷನರುಗಳು ಸಾರ್ವಜನಿಕ ವಿಚಾರಣೆ ನಡೆಸುತ್ತಾರೆ. ಅಲ್ಲಿ ಮಾತನಾಡಲು ಪೌರತ್ವ ಬೇಕಿಲ್ಲ, ಹೆಸರು ಕೊಟ್ಟರೆ ಸಾಕು. ನಿಮ್ಮ ತಂದೆಯವರು ಮತ್ತೆ ಬಂದಾಗ ಅಂಥದ್ದೊಂದು ವಿಚಾರಣೆ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಕಂದಾಯದ ಕಡತಗಳ ನಡುವೆ ಬದುಕು ಸವೆಸಿದವರಿಗೆ ಅಲ್ಲಿನ ಚರ್ಚೆ ತುಂಬಾ ಪರಿಚಿತವಾಗಿ ಕೇಳಿಸುತ್ತದೆ.